ಹುಸೇನಮ್ಮ ಅತ್ತೆಯ ಕಿರುಎದೆ

ಸಣ್ಣದಿನ್ನಿ,
ಎರಡನೇ ಮೇ ತಿಂಗಳ 19, ಇಸವಿ 2214.

ಹತ್ತಿ ಬಿಡಿಸುವ, ಹಿಂಜುವ, ಹತ್ತಿ ಗಿರಣಿಯಲ್ಲಿ ದುಡಿಯುವ ಅಕ್ಕಂದಿರಿಗೂ ಅಣ್ಣಂದಿರಿಗೂ ಸೂಗಮ್ಮ ಮಾಡುವ ಶರಣು.

ಮೇಲಿನ ತಾರೀಖು ತಪ್ಪಲ್ಲ. ನಮ್ಮಲ್ಲಿ ಮೇ ಎರಡು ಸಲ ಬರುತ್ತದೆ. ಜೂನ್ ತಿಂಗಳಲ್ಲಿ ಮಳೆ ಬರುವುದು ನಿಂತು ಬಹಳ ಕಾಲವಾಗಿತ್ತು. ಆ ಹೆಸರನ್ನು ನಂಬಿ ಬಿತ್ತಿ ಕೆಟ್ಟವರೇ ಹೆಚ್ಚಾದರೆಂದು ನಮ್ಮ ಮುತ್ತಜ್ಜಂದಿರು ಅದನ್ನು ತೆಗೆದು ಎರಡನೇ ಮೇ ಎಂದು ಮಾಡಿದರು. ನಾನು ಬರೆಯುವ ಇನ್ನೂ ಕೆಲವು ಮಾತುಗಳು ನಿಮಗೆ ಹೀಗೆಯೇ ವಿಚಿತ್ರವಾಗಿ ಕಂಡರೆ ಕ್ಷಮಿಸಬೇಕು. ನಾನು ಓದಿದ್ದು ಐದನೇ ಇಯತ್ತೆಯವರೆಗೆ. ಮುಂದಿನದನ್ನು ಕೆಲಸದ ಮನೆಯ ಗೋಡೆಗೆ ಹಾಕಿರುವ ಪಾಠದ ಹಲಗೆಗಳನ್ನು ಓದಿ ಕಲಿತೆ. ಈ ಓಲೆ ಹಿಂದಂಚೆಯಲ್ಲಿ ಬರುತ್ತದೆ. ಕಳೆದುಹೋದ ವರ್ಷಗಳಿಗೆ ಕಾಗದ ಒಯ್ಯುವ ಅಂಚೆಯನ್ನು ನಾವು ಹಾಗೆ ಕರೆಯುತ್ತೇವೆ. ಒಬ್ಬರಿಗೆ ಬದುಕಿನಲ್ಲಿ ಒಂದೇ ಓಲೆ, ಮೂರು ಹಾಳೆ. ಉತ್ತರ ಯಾರಿಗೂ ಬಂದಿಲ್ಲ, ಬರುವ ದಾರಿಯೂ ಇಲ್ಲ. ಹೆಚ್ಚಿನವರು ತಮ್ಮ ಮನೆತನದ ಹಿರಿಯರಿಗೆ ಬರೆಯುತ್ತಾರೆ. ನನ್ನ ಹಿರಿಯರು ಹತ್ತಿಯಲ್ಲಿ ದುಡಿದವರು ಎಂಬುದಷ್ಟೇ ನನಗೆ ಗೊತ್ತು, ಅವರ ಹೆಸರು ಗೊತ್ತಿಲ್ಲ. ಆದ್ದರಿಂದ ನಿಮ್ಮೆಲ್ಲರಿಗೂ ಬರೆಯುತ್ತಿದ್ದೇನೆ.

ನೀವು ನೆಲದೊಳಗಿನ ಎಣ್ಣೆಯಿಂದಲೂ ನೂಲು ಮಾಡಿ ಉಡುತ್ತಿದ್ದಿರಂತೆ. ನಮಗೆ ಆ ಬಟ್ಟೆ ಇಲ್ಲ. ಉಡುವುದು, ಹಾಸುವುದು, ಗಾಯಕ್ಕೆ ಕಟ್ಟುವುದು ಎಲ್ಲ ಹತ್ತಿಯೇ. ಬಿಸಿಲು ತಾಳುವ ಈಗಿನ ತಳಿಯ ಎಳೆ ಗಿಡ್ಡ. ಯಂತ್ರದ ಹಲ್ಲಿಗೆ ಸಿಕ್ಕರೆ ಹರಿದು ಹುಡಿಯಾಗುತ್ತದೆ. ಹಾಗಾಗಿ ಹೊಲದಿಂದ ಬಂದ ಹತ್ತಿಯನ್ನು ಮೊದಲು ಕೈಯಿಂದ ಬಿಡಿಸಿ, ಅದರೊಳಗಿನ ಒಣ ಎಲೆ, ತೊಟ್ಟು, ಸಿಪ್ಪೆ ಉದುರಿಸಬೇಕು. ಈ ಕೆಲಸ ನಡೆಯುವ ಜಾಗಕ್ಕೆ ಮೊದಲಕೋಣೆ ಎನ್ನುತ್ತೇವೆ. ಬೆಳಿಗ್ಗೆ ಐದಕ್ಕೆ ಶುರು, ಹನ್ನೊಂದಕ್ಕೆ ಮುಗಿತಾಯ. ಆಮೇಲೆ ಬಿಸಿಲಿಗೆ ಯಾರೂ ಮೇಲೆ ಇರುವುದಿಲ್ಲ, ನೆಲಮನೆಗೆ ಇಳಿದು ಮಲಗುತ್ತಾರೆ. ನೆಲಮನೆ ಎಂದರೆ ನಿಮ್ಮ ಹಗೇವಿನಂಥದು. ನೀವು ಅದರಲ್ಲಿ ಜೋಳ ಇಡುತ್ತಿದ್ದಿರಿ, ನಾವು ಮನುಷ್ಯರು ಇರುತ್ತೇವೆ. ದೂಳು ಒಳಗೆ ಹೋಗದಂತೆ ಮೂಗು ಬಾಯಿಗೆ ಕಟ್ಟಿಕೊಳ್ಳಲು ಸಣ್ಣ ಕಣ್ಣಿನ ಜಾಲಮುಖ ಕೊಟ್ಟಿದ್ದಾರೆ. ಏಳು ಗಂಟೆಗೇ ಅದು ಬೆವರಿನಲ್ಲಿ ತೊಯ್ದು ಹತ್ತು ಮಂದಿಯಲ್ಲಿ ಎಂಟು ಮಂದಿಯ ಗದ್ದಕ್ಕೆ ಇಳಿದಿರುತ್ತದೆ. ಮಾತಾಡದೆ ಹತ್ತಿ ಬಿಡಿಸುವ ಹೆಣ್ಣುಮಕ್ಕಳನ್ನು ನಾನಂತೂ ಕಂಡಿಲ್ಲ.

ನನ್ನ ಕೆಲಸ ಕಿರುಎದೆಗಳನ್ನು ನೋಡಿಕೊಳ್ಳುವುದು. ಮೊದಲಕೋಣೆಗೆ ಸೇರಿದ ಪ್ರತಿಯೊಬ್ಬರ ಶ್ವಾಸನಾಳದಿಂದ ಮೆತ್ತನೆಯ ಕುಂಚದಲ್ಲಿ ಒಂದಿಷ್ಟು ಜೀವಕೋಶ ತೆಗೆದು ಗಾಜಿನ ಪುಟ್ಟ ಬಟ್ಟಲುಗಳಲ್ಲಿ ಬೆಳೆಸುತ್ತಾರೆ. ಒಬ್ಬರಿಗೆ ನಾಲ್ಕು ಬಟ್ಟಲು. ಅದರೊಳಗೆ ಕೋಶಗಳು ಒಂದಕ್ಕೊಂದು ಅಂಟಿಕೊಂಡು, ನಿಜವಾದ ಎದೆಯೊಳಗಿನಂತೆಯೇ ಸಣ್ಣ ಕೊಳವೆ ಕಟ್ಟಿಕೊಳ್ಳುತ್ತವೆ. ಅದೇ ಕಿರುಎದೆ. ಮಸೂರದಲ್ಲಿ ನೋಡಿದರೆ ಕೊಳವೆಯ ಒಳಮೈ ತುಂಬ ಕೂದಲಿನಂಥ ಎಳೆಗಳು ಗಾಳಿಗೆ ಬಾಗುವ ಜೋಳದ ಹೊಲದ ಹಾಗೆ ಒಂದೇ ಕಡೆಗೆ ಬೀಸುತ್ತಿರುತ್ತವೆ. ತೆಳ್ಳನೆಯ ಲೋಳೆಯಲ್ಲಿ ಅಂಟಿದ ದೂಳನ್ನು ಅವೇ ಮೇಲಕ್ಕೆ ದಾಟಿಸುವುದು. ಸುತ್ತಲೂ ಹಿಗ್ಗಿ ಕುಗ್ಗುವ ಎಳೆಗಳ ಬಲೆ ಇದೆ. ಬಟ್ಟಲಿನ ನೀರಿನಲ್ಲಿ ಅದೇ ಮನುಷ್ಯರ ರಕ್ತದ ಬಿಳಿಕಣಗಳಿರುತ್ತವೆ. ಅವರು ಕೆಲಸಕ್ಕೆ ಕುಳಿತ ಹೊತ್ತಿಗೆ ಸರಿಯಾಗಿ ಇದಕ್ಕೂ ಅದೇ ಕೋಣೆಯ ದೂಳು ಹಾಯಿಸಬೇಕು. ಅವರು ಕೆಲಸಕ್ಕೆ ಬಾರದೆ ಸೂಟಿ ಮಾಡಿದ ದಿನ ಇದಕ್ಕೂ ಸೂಟಿ. ಜನ ಇದನ್ನು ತಮ್ಮ ಒಡಹುಟ್ಟಿದವರ ಹಾಗೆ ಕಾಣುತ್ತಾರೆ. ಅಮಾವಾಸ್ಯೆಗೆ ಕಪಾಟಿಗೆ ಕುಂಕುಮ ಹಚ್ಚುತ್ತಾರೆ. ಹಾದುಹೋಗುವಾಗ ಬಾಗಿಲಲ್ಲಿ ನಿಂತು, "ಸೂಗಿ, ನಂದು ಉಂಡೈತೇನ? ನಿನ್ನಂಗ ಒಣಗಿಸಬ್ಯಾಡ ಮತ್ತ" ಎಂದು ನಗುತ್ತಾರೆ.

ಹುಸೇನಮ್ಮ ನನ್ನ ಸೋದರತ್ತೆ. ತಾಯಿ ಹೋದ ಮೇಲೆ ನನ್ನನ್ನು ಸಾಕಿದವಳು ಆಕೆಯೇ. ಮೊದಲಕೋಣೆಯಲ್ಲಿ ಆಕೆಯಷ್ಟು ಚೆಂದವಾಗಿ ಹತ್ತಿ ಬಿಡಿಸುವವರು ಯಾರೂ ಇಲ್ಲ. ಆಕೆ ಬಿಡಿಸಿದ ಹತ್ತಿಯಲ್ಲಿ ಒಂದು ಸಿಪ್ಪೆ ತೋರಿಸಿದವರಿಗೆ ಒಂದು ಹೋಳಿಗೆ ಎಂದು ಪಂಥ ಕಟ್ಟುತ್ತಿದ್ದಳು. ಹನ್ನೊಂದು ವರ್ಷ ಒಂದು ದಿನವೂ ಸೂಟಿ ಮಾಡಿರಲಿಲ್ಲ. ಎಲ್ಲರಿಗೂ ಬಿಡುವಿರುವ ಭಾನುವಾರವೂ ಹೋಗಿ ಎರಡು ಬುಟ್ಟಿ ಬಿಡಿಸಿ ಬರುತ್ತಿದ್ದಳು. ಯಾಕೆಂದು ಕೇಳಿದರೆ, "ಸೂಟಿ ಮಾಡಿದ್ರ ಎದಿ ಮುನಿಸ್ಕೊಂತೈತಿ ಬೇ" ಎನ್ನುತ್ತಿದ್ದಳು. ಇದು ಆಕೆಯೊಬ್ಬಳ ಮಾತಲ್ಲ. ಭಾನುವಾರ ಮನೆಯಲ್ಲಿ ಉಳಿದವರಿಗೆ ಸೋಮವಾರ ಎದೆ ಬಿಗಿಯುತ್ತದೆ, ಬುಧವಾರದ ಹೊತ್ತಿಗೆ ಸಡಿಲಾಗುತ್ತದೆ. ಆದ್ದರಿಂದ ಬಿಗಿತಕ್ಕೆ ಸೂಟಿಯೇ ಕಾರಣ, ಕೆಲಸವೇ ಮದ್ದು ಎಂದು ನಮ್ಮ ಕಡೆ ಎಲ್ಲರೂ ನಂಬಿದ್ದರು. ಉಸಿರು ಅಳೆಯುವ ಕೊಳವೆಗೆ ಊದುವುದು ಶನಿವಾರ. ಅಂದು ಎಲ್ಲರೂ ಸಿಗುತ್ತಾರೆಂದು ಹಿಂದಿನವರು ಮಾಡಿದ ಪದ್ಧತಿ. ಇಪ್ಪತ್ತು ಗೆರೆಗಿಂತ ಕೆಳಗೆ ಊದಿದವರನ್ನು ದೂಳಿಲ್ಲದ ಬೀಜದ ಮನೆಗೆ ಕಳಿಸಬೇಕು. ಅತ್ತೆ ಪ್ರತಿ ಶನಿವಾರ ಇಪ್ಪತ್ತೊಂದೋ ಇಪ್ಪತ್ತೆರಡೋ ಊದುತ್ತಿದ್ದಳು. ನೀರಿನ ಕೊಡ ಹೊತ್ತು ಬರುವಾಗ ಮೂರು ಕಡೆ ಇಳಿಸುವುದನ್ನು ಮಾತ್ರ ನಾನು ನೋಡುತ್ತಿದ್ದೆ. ನೋಡಿಯೂ ಹೇಳುತ್ತಿರಲಿಲ್ಲ. ದೊಡ್ಡವರ ಮುಂದೆ ನನಗೆ ಮಾತು ಬರುವುದಿಲ್ಲ.

ಹೋದ ಮೊಹರಮ್ಮಿನ ಅಲಾಯಿ ಹಬ್ಬದಲ್ಲಿ ಕೋಣೆಗೆ ಎರಡು ದಿನ ಬಿಡುವು ಕೊಟ್ಟರು. ನಾನು ಎಲ್ಲರ ಬಟ್ಟಲಿಗೂ ದೂಳು ನಿಲ್ಲಿಸಿ ಬೀಗ ಹಾಕಿಕೊಂಡು ಹೋದೆ. ಅತ್ತೆ ಮಾತ್ರ ಎರಡೂ ಬೆಳಿಗ್ಗೆ ಒಬ್ಬಳೇ ಹೋಗಿ ಹತ್ತಿ ಬಿಡಿಸಿ, ಮಧ್ಯಾಹ್ನದ ಮೇಲೆ ಪೀರಲ ದೇವರ ಮುಂದೆ ಸಕ್ಕರೆ ಇಟ್ಟು ಓದಿಸಲು ಬಂದಳು. ಆಕೆಯ ಬಟ್ಟಲಿಗೆ ಸೂಟಿ ಇಲ್ಲವೆಂಬುದು ನನಗೆ ಮರೆತೇ ಹೋಗಿತ್ತು. ಮೂರನೇ ದಿನ ದೂಳು ಹಾಯಿಸಿ ನೋಡಿದರೆ, ಉಳಿದವರವು ಎಂದಿನ ಸೋಮವಾರದಷ್ಟೇ ಬಿಗಿದವು, ಆದರೆ ಒಂದು ಗಂಟೆಯಲ್ಲಿ ಅತ್ತೆಯ ನಾಲ್ಕೂ ಕಿರುಎದೆಗಳು ಬಿಗಿದುಕೊಂಡು ಕೊಳವೆಯ ಬಾಯಿ ಸಾಸಿವೆಯಷ್ಟಾಯಿತು. ಲೋಳೆ ಉಕ್ಕಿತು. ಮೇಲ್ವಿಚಾರಕ ಬೂದೆಪ್ಪಣ್ಣ ಬಂದು ನೋಡಿ, "ಎರಡು ದಿನ ಉಪವಾಸ ಕೆಡವಿ ಈಗ ಕಣ್ಣು ಕಣ್ಣು ಬಿಡತೀಯೇನ? ನಿನ್ನ ಕೈಯಾಗ ಕೊಟ್ಟಿದ್ದ ತಪ್ಪು" ಎಂದು ಬೈದ. ಬೈಗುಳ ನ್ಯಾಯವಾಗಿಯೇ ಇತ್ತು. ಆದರೆ ಬಟ್ಟಲಿಗೆ ಅನ್ನವಾಗಿ ಕೊಡುವ ನೀರು ತಪ್ಪಿರಲಿಲ್ಲ, ಅದು ತಾನಾಗಿ ಹರಿಯುತ್ತದೆ. ತಪ್ಪಿದ್ದು ದೂಳು ಮಾತ್ರ. ದೂಳು ತಪ್ಪಿದ್ದರಿಂದ ಎದೆ ಕೆಡುವುದು ಹೇಗೆ ಎಂದು ನನಗೆ ಸಮಾಧಾನವಾಗಲಿಲ್ಲ. ವಾರ ಕಳೆದು ಅವು ಸುಧಾರಿಸಿದ ಮೇಲೆ ಎರಡು ಬಟ್ಟಲಿಗೆ ದೂಳು ಕೊಡುತ್ತಲೇ ಹೋದೆ, ಎರಡಕ್ಕೆ ಎರಡು ದಿನ ನಿಲ್ಲಿಸಿದೆ. ಬಿಡುವು ಸಿಕ್ಕವು ಮತ್ತೆ ಬಿಗಿದವು. ಸಿಗದವು ಸುಮ್ಮನಿದ್ದವು. ಸುಮ್ಮನಿದ್ದವನ್ನೇ ಈ ಸಲ ಮಸೂರದಡಿ ಮೆಲ್ಲಗೆ ಎಳೆದು ನೋಡಿದೆ. ಹಿಗ್ಗಿದ್ದು ಮತ್ತೆ ಕುಗ್ಗಲಿಲ್ಲ. ಸುತ್ತಲಿನ ಎಳೆಗಳು ಅಲ್ಲಲ್ಲಿ ತುಂಡಾಗಿದ್ದವು.

ಹಲಗೆಗಳನ್ನು ಮತ್ತೆ ಮತ್ತೆ ಓದಿ ನಾನು ತಿಳಿದುಕೊಂಡದ್ದನ್ನು ಹೇಳುತ್ತೇನೆ. ಕೇಡು ಬಿಳಿ ಅರಳೆಯದಲ್ಲ. ಹತ್ತಿಯ ಒಣ ಎಲೆಯ ಮೇಲೆ ಕಣ್ಣಿಗೆ ಕಾಣದ ಜೀವಿಗಳು ಬದುಕಿ ಸಾಯುತ್ತವೆ. ಅವುಗಳ ಸಿಪ್ಪೆಯ ಚೂರು ದೂಳಿನ ಜೊತೆ ಎದೆಗೆ ಇಳಿಯುತ್ತದೆ. ಅಲ್ಲಿ ಕಾವಲು ಕೋಶಗಳಿವೆ. ಅವುಗಳ ಮೈಮೇಲೆ ಕೊಂಡಿಯಂಥ ಪ್ರೋಟೀನುಗಳಿವೆ. ಸಿಪ್ಪೆಯ ಚೂರು ಕೊಂಡಿಗೆ ಸಿಕ್ಕೊಡನೆ ಕಾವಲು ಕೋಶ ಕೂಗು ಹಾಕುತ್ತದೆ. ಅದರ ಕೂಗು ಎಂದರೆ ಅದು ಹೊರಬಿಡುವ ರಸ. ಆ ಕೂಗಿಗೆ ಶ್ವಾಸನಾಳ ಬಿಗಿಯುತ್ತದೆ, ಲೋಳೆ ಹೆಚ್ಚುತ್ತದೆ, ರಕ್ತದಿಂದ ಬಿಳಿಕಣಗಳು ಓಡಿಬರುತ್ತವೆ. ಬಂದ ಬಿಳಿಕಣಗಳ ಹತ್ತಿರ ಕತ್ತರಿಯಂಥ ಕಿಣ್ವವಿದೆ. ವೈರಿಯನ್ನು ಕತ್ತರಿಸಲು ತಂದದ್ದು ಎದೆಯ ಹಿಗ್ಗುವ ಎಳೆಯನ್ನೂ ಕತ್ತರಿಸುತ್ತದೆ. ದಿನವೂ ದೂಳು ಬಂದರೆ ಕಾವಲು ಕೋಶ ಕೂಗಿ ಕೂಗಿ ದಣಿದು ದನಿ ತಗ್ಗಿಸುತ್ತದೆ. ಬಿಗಿತ ಸಡಿಲಾಗುತ್ತದೆ, ನಮಗೆ ಹಾಯೆನಿಸುತ್ತದೆ. ಕತ್ತರಿ ಮಾತ್ರ ಪೂರ್ತಿ ನಿಂತಿರುವುದಿಲ್ಲ. ಒಂದೆರಡು ದಿನ ಬಿಡುವು ಸಿಕ್ಕರೆ ಕಾವಲಿಗೆ ದನಿ ಮರಳುತ್ತದೆ. ಸೋಮವಾರ ನಾವು ಕೇಳುವುದು ಆ ದನಿಯನ್ನು. ತುಂಡಾದ ಎಳೆ ಮೊದಲಿನಂತೆ ಕೂಡುವುದಿಲ್ಲ. ಆ ಜಾಗವನ್ನು ಗಾಯದ ಗಟ್ಟಿ ನಾರು ತುಂಬಿಕೊಳ್ಳುತ್ತದೆ, ಅದಕ್ಕೆ ಹಿಗ್ಗಲು ಬರುವುದಿಲ್ಲ. ಅತ್ತೆಯ ಬಟ್ಟಲಿನಲ್ಲಿ ನಾರು ಆಗಲೇ ಶುರುವಾಗಿತ್ತು. ಇನ್ನೆರಡು ವರ್ಷ ಆಕೆ ಅಲ್ಲೇ ಕುಳಿತರೆ ಉಳಿದದ್ದೂ ಹೋಗುತ್ತಿತ್ತು.

ಹೇಳಲೇಬೇಕಾಯಿತು. ರೊಟ್ಟಿ ತಟ್ಟುತ್ತಿದ್ದ ಅತ್ತೆಯ ಬೆನ್ನ ಹಿಂದೆ ನಿಂತು, ಆಕೆಯ ಕಿರುಎದೆ ಎರಡು ದಿನ ಸೂಟಿ ಮಾಡಿ ಮೂರನೇ ದಿನ ಬಿಗಿದದ್ದನ್ನು ಹೇಳಿದೆ. ಅತ್ತೆ ಹಿಟ್ಟಿನ ಕೈಯಲ್ಲೇ ತಿರುಗಿ ನಕ್ಕಳು. "ಕೇಳಿದೇನ? ಮತ್ತ ನಾ ಏನು ಬಡಕೊಂತಿದ್ದೆ? ಪಾಪ, ಬಟ್ಟಲಾಗಿನ ತುಣುಕಿಗರ ತಿಳೀತು, ನಿನಗ ತಿಳೀಲಿಲ್ಲ." ನನ್ನ ಸಾಕ್ಷಿ ಹೀಗೆ ಆಕೆಯ ಕಡೆಗೇ ಹೋಯಿತು. ಮರುದಿನ ಕೈ ಹಿಡಿದು ಎಳೆದುಕೊಂಡು ಹೋಗಿ, ಸುಮ್ಮನಿದ್ದ ಬಟ್ಟಲನ್ನೇ ಮಸೂರದಲ್ಲಿ ತೋರಿಸಿದೆ. ಬಹಳ ಹೊತ್ತು ನೋಡಿದಳು. "ಇದೇನಬೇ, ಹಳೀ ಚೊಣ್ಣದ ಲಾಸ್ಟಿಕ್ ಆಗೈತಲ್ಲ. ಯಾರದಿದು?" ಎಂದಳು. ನಿನ್ನದೇ ಎಂದೆ. ಅತ್ತೆ ಮಸೂರದಿಂದ ಕಣ್ಣು ತೆಗೆಯದೆ, "ಎಷ್ಟು ದಿನ ಸೂಟಿ ಮಾಡಬೇಕು?" ಎಂದಷ್ಟೇ ಕೇಳಿದಳು.

ಬಟ್ಟಲಿಗೆ ಕೊಟ್ಟಂತೆ ಎರಡು ದಿನ, ಸೋಮವಾರ ಕೆಲಸಕ್ಕೆ ಮೊದಲೂ ಆಮೇಲೂ ಊದಿ ನೋಡೋಣ ಎಂದೆ. ಶನಿವಾರ, ಭಾನುವಾರ ಮನೆಯಲ್ಲಿ ಉಳಿದಳು. ಕೂತಲ್ಲಿ ಕೂರಲಾಗದೆ ಬೇಳೆಯನ್ನು ಮೂರು ಸಲ ಆರಿಸಿದಳು, ಕೋಳಿಗಳನ್ನು ಬೈದಳು. ಭಾನುವಾರ ಸಂಜೆ ಕೊಡ ಹೊತ್ತು ಬರುವಾಗ ಒಂದೇ ಕಡೆ ಇಳಿಸಿದಳು. ಸೋಮವಾರ ಬೆಳಿಗ್ಗೆ ಐದಕ್ಕೆ, ಕೋಣೆಗೆ ಹೋಗುವ ಮೊದಲು ಊದಿದರೆ ಇಪ್ಪತ್ಮೂರು ಗೆರೆ. ಬೂದೆಪ್ಪಣ್ಣ, "ಹುಸೇನಕ್ಕ, ಸೂಟಿ ಮಾಡಿ ಪ್ರಾಯಕ್ಕ ಬಂದಿ ನೋಡು" ಎಂದು ಚೇಷ್ಟೆ ಮಾಡಿದ. ಒಂಬತ್ತಕ್ಕೆ ಆಕೆಯ ಕೈ ನಿಧಾನವಾಯಿತು. ನಿಲ್ಲಿಸೋಣವೆಂದು ನಾನು ಎದ್ದು ಹೋದೆ, ಆಕೆ ಕೈಸನ್ನೆಯಲ್ಲೇ ನನ್ನನ್ನು ಹಿಂದಕ್ಕೆ ಕಳಿಸಿದಳು. ಹನ್ನೊಂದಕ್ಕೆ ಊದಿದಾಗ ಹದಿನೈದು. ಬೂದೆಪ್ಪಣ್ಣ ಕೊಳವೆ ಬದಲಿಸಿ ಮತ್ತೆ ಊದಿಸಿದ. ಹದಿನಾಲ್ಕು. ಅತ್ತೆಗೆ ಮಾತು ಬರುತ್ತಿರಲಿಲ್ಲ. "ಕುಂದ್ರಬೇ ಅಕ್ಕ, ಕುಂದ್ರು, ಏನೂ ಮಾತಾಡಬ್ಯಾಡ" ಎಂದು ಆತನೇ ಬೆನ್ನು ಹಿಡಿದು ಕೂರಿಸಿ, ಬಾಯಿಗೆ ಉಸಿರುಮದ್ದು ಹಿಡಿದ. ಮುಂದಿನ ಸೋಮವಾರಗಳಲ್ಲಿ ಇಡೀ ಕೋಣೆ ಊದಿತು. ನಲವತ್ತೊಂದು ಮಂದಿಯಲ್ಲಿ ಹತ್ತೊಂಬತ್ತು ಮಂದಿ ಗೆರೆಗಿಂತ ಕೆಳಗಿಳಿದರು. ಅವರಲ್ಲಿ ಇಬ್ಬರು ನನಗಿಂತ ಚಿಕ್ಕವರು. ಆ ಇಬ್ಬರ ಬಟ್ಟಲುಗಳಲ್ಲಿ ಎಳೆ ಇನ್ನೂ ತುಂಡಾಗಿಲ್ಲ. ಹತ್ತೊಂಬತ್ತು ಮಂದಿಯೂ ಈಗ ಬೀಜದ ಮನೆಯಲ್ಲಿದ್ದಾರೆ. ಮೊದಲಕೋಣೆಯಲ್ಲಿ ಉಳಿದವರು ಹತ್ತಿಗೆ ಮೊದಲು ಹಬೆ ಹಾಯಿಸಿ, ದೂಳು ಏಳದ ಹಾಗೆ ಮಾಡಿ ಬಿಡಿಸುತ್ತಾರೆ. ಅತ್ತೆಯ ಉಸಿರು ಇನ್ನಷ್ಟು ಇಳಿಯುವುದು ನಿಂತಿದೆ. ಹೋದದ್ದು ಮಾತ್ರ ಬಂದಿಲ್ಲ.

ನಾನು ಕೇಳಿಕೊಳ್ಳುವುದು ಇಷ್ಟೇ. ನಿಮ್ಮಲ್ಲಿಯೂ ಸೋಮವಾರ ಎದೆ ಬಿಗಿಯುವವರು ಇರಬಹುದು. ಅದಕ್ಕೆ ಸೂಟಿಯನ್ನು ದೂರಬೇಡಿ. ಬುಧವಾರ ಸಡಿಲಾಯಿತೆಂದು ವಾಸಿಯಾಯಿತು ಎಂದುಕೊಳ್ಳಬೇಡಿ. ಬಿಡುವು ಮುಗಿಸಿ ಬಂದ ಮೊದಲ ದಿನವೇ, ಕೆಲಸಕ್ಕೆ ಕೂರುವ ಮೊದಲೊಮ್ಮೆ, ಕೆಲಸ ಮುಗಿಸಿ ಎದ್ದ ಮೇಲೊಮ್ಮೆ ಉಸಿರು ಅಳೆಸಿಕೊಳ್ಳಿ. ಅಳೆಯುವವರು ಶನಿವಾರ ಬಾ ಎಂದರೆ ಸೋಮವಾರವೇ ಬರುತ್ತೇನೆ ಎನ್ನಿ. ನನ್ನ ಹಾಗೆ ಮಾತು ಬಾರದವರಿದ್ದರೆ ಈ ಕಾಗದ ತೋರಿಸಿ.

ಮೂರನೇ ಹಾಳೆ ಮುಗಿಯುತ್ತಾ ಬಂತು. ಅತ್ತೆ ಪಕ್ಕದಲ್ಲೇ ಕುಳಿತಿದ್ದಾಳೆ, ತಾನೂ ಒಂದು ಮಾತು ಸೇರಿಸಬೇಕಂತೆ. "ಆ ಹೆಣ್ಣುಮಕ್ಕಳಿಗೆ ಬರಿ, ನಾ ಹನ್ನೊಂದು ವರ್ಷ ಶನಿವಾರದ ಉಸಿರು ಊದಿ ನನಗ ನಾನೇ ಸುಳ್ಳು ಹೇಳಿಕೊಂಡೀನಿ, ನೀವು ಹೇಳ್ಕೋಬ್ಯಾಡ್ರಿ." ಇಷ್ಟು ಹೇಳಲು ಆಕೆ ನಡುವೆ ಎರಡು ಸಲ ನಿಂತಳು. ನಾನು ಕಾದು, ಒಂದೇ ಸಾಲಾಗಿ ಬರೆದಿದ್ದೇನೆ.