ಕರೆಂಟ್ ಇಲ್ಲ ಅಂದೆ

ಡಿಸೆಂಬರ್ 3, ಮಂಗಳವಾರ
ಕುರುಗೋಡಿನ ಬಸ್ಸು ತಡ. ಬಳ್ಳಾರಿಯ ಹಾಸ್ಟೆಲ್ ಮುಟ್ಟಿದಾಗ ಒಂಬತ್ತೂವರೆ. ಎಲೆಕ್ಟ್ರಿಷಿಯನ್ ಆಗಿ ಎರಡನೇ ತಿಂಗಳು, ಇನ್ನೂ ಪ್ರೊಬೇಷನ್. ಇವತ್ತು ಗೀಸರ್ ಚೆಕಿಂಗ್. ಮೊದಲ ಮಹಡಿ: 230 ವೋಲ್ಟ್, 8.7 ಆಂಪ್. ಭಾಗಿಸಿದರೆ ರೋಧ 26 ಓಮ್. ಗುಣಿಸಿದರೆ ಎರಡು ಸಾವಿರ ವ್ಯಾಟ್. ಸರಿ ಇದೆ.

ಹಿರಿಯ ಎಲೆಕ್ಟ್ರಿಷಿಯನ್ ಕೊಟ್ಟೂರಪ್ಪಣ್ಣ ನಕ್ಕರು. "ನೀರು ಕಾಯಾಕತ್ತಾವಲ್ಲ, ಮತ್ತ್ಯಾಕ ಪರೀಕ್ಷಿ ಬರದಂಗ ಬರೀತಿ ಹೇಮಾ?" ಮೂವತ್ತೊಂದು ವರ್ಷ ಒಂದು ಟೆಸ್ಟರಿನಲ್ಲೇ ಕಳೆದವರು. ಫೆಬ್ರವರಿಗೆ ರಿಟೈರ್.

ಡಿ. 9
ಮೂರನೇ ಮಹಡಿಯಲ್ಲಿ ನೀರು ಬಿಸಿಯಾಗುತ್ತಿಲ್ಲ ಎಂದು ಹುಡುಗಿಯರ ಗಲಾಟೆ. ಅಣ್ಣ ಎರಡು ಸಲ ಥರ್ಮೋಸ್ಟಾಟ್ ಬದಲಿಸಿ ಸುಸ್ತಾಗಿದ್ದರು. ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ಹಾಕಿದೆ — 4.3 ಆಂಪ್. ರೋಧ 53, ಪವರ್ ಸಾವಿರವೂ ಇಲ್ಲ. ಹೊರಗೆ ಎರಡು ಸಾವಿರ ವ್ಯಾಟ್ ಎಂದು ಬರೆದಿದೆ, ಒಳಗೆ ಯಾರೋ ಸಾವಿರದ ಎಲಿಮೆಂಟ್ ಹಾಕಿದ್ದಾರೆ. ಬಿಚ್ಚಿ ನೋಡಿದರೆ ಅದೇ.

"ಇನ್ಮ್ಯಾಲೆ ನೀ ಹೇಳಿದ್ದ ಖರೆ ಬಿಡಮ್ಮ," ಅಂದರು ಅಣ್ಣ. ಮನೆ ತನಕ ಹಿಗ್ಗುತ್ತಲೇ ಬಂದೆ.

ಡಿ. 18
ನಿನ್ನೆ ಬರೆಯಲಾಗಲಿಲ್ಲ.

ಎರಡನೇ ಮಹಡಿಯ ಗೀಸರ್. ಮುಚ್ಚಳ ಬಿಚ್ಚಿ, ಸ್ವಿಚ್ ಹಾಕಿ ಅಳೆದೆ. ವೋಲ್ಟೇಜ್ 230. ಕ್ಲಾಂಪಿನಲ್ಲಿ ಸೊನ್ನೆ. ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ. ಎಲಿಮೆಂಟ್ ತುಂಡಾಗಿದೆ, ಅದರಲ್ಲಿ ಕರೆಂಟ್ ಹರಿಯುತ್ತಿಲ್ಲ. ನೋಟ್‌ಬುಕ್ಕಿನಿಂದ ತಲೆ ಎತ್ತದೆ ಅಂದೆ: "ಕರೆಂಟ್ ಇಲ್ಲಣ್ಣ."

ಲೈನೇ ಹೋದಾಗ ಊರೆಲ್ಲ ಹಾಗೆ ಅನ್ನುತ್ತದೆ. ಅಣ್ಣನೂ ಹಾಗೇ ತಿಳಿದು ವೈರು ಕೂಡುವ ಟರ್ಮಿನಲ್ಲಿಗೆ ಕೈ ಹಾಕಿದರು. ಅಲ್ಲಿ 230 ವೋಲ್ಟ್ ಹಾಗೇ ಇತ್ತು. ಸ್ಟೂಲಿನಿಂದ ಹಿಂದಕ್ಕೆ ಬಿದ್ದರು. ಬೆರಳು ಸುಟ್ಟಿದೆ, ಬಲ ತೋಳಿನ ಮೂಳೆ ಮುರಿದಿದೆ. ಜೀವಕ್ಕೇನೂ ಇಲ್ಲ ಅಂದರು ಡಾಕ್ಟರು.

ಒಣ ಕೈಯ ರೋಧ ಹತ್ತು ಸಾವಿರ ಓಮ್ ಹಿಡಿದರೆ 23 ಮಿಲಿಆಂಪ್. ಒದ್ದೆ ಕೈ, ಸಾವಿರ ಹಿಡಿದರೆ 230... ಅಷ್ಟಾದರೆ ಮನುಷ್ಯ ಉಳಿಯುವುದು ಕಷ್ಟ. ಆಗಷ್ಟೇ ಕೈ ಒರೆಸಿಕೊಂಡಿದ್ದರು. ಈ ಲೆಕ್ಕ ನಿಲ್ಲಿಸಬೇಕು.

ಡಿ. 20
ಆಸ್ಪತ್ರೆಗೆ ಹೋಗಿದ್ದೆ.
"ಟೆಸ್ಟರ್ ಕಿಸೇದಾಗ ಇತ್ತಲ್ಲಣ್ಣ, ಯಾಕ ಹಚ್ಚಿ ನೋಡಲಿಲ್ಲ?"
"ನೀ ಹೇಳಿದ ಮ್ಯಾಲೆ ಮತ್ತ್ಯಾಕ ಹಚ್ಚಲಿ?"
ಹೊರಗೆ ಬಂದು ಅತ್ತೆ.

ಮ್ಯಾನೇಜರ್ ಚಿದಾನಂದಪ್ಪನವರು ರಿಪೋರ್ಟ್ ಟೈಪ್ ಮಾಡಿಸಿಟ್ಟಿದ್ದಾರೆ — 'ಕೊಟ್ಟೂರಪ್ಪ ಅವರ ನಿರ್ಲಕ್ಷ್ಯ'. ಸಾಕ್ಷಿಯ ಜಾಗದಲ್ಲಿ ನನ್ನ ಸಹಿ ಬೇಕಂತೆ. ಅಣ್ಣನಿಗೂ ಗೊತ್ತು. "ಹಾಕಿಬಿಡಮ್ಮ. ನಂದು ಮುಗಿದ ನೌಕರಿ, ನಿಂದು ಈಗ ಶುರು."

ಡಿ. 23
ಸಹಿ ಹಾಕಲಿಲ್ಲ. ನಡೆದದ್ದನ್ನು ನಾನೇ ಒಂದು ಪುಟ ಬರೆದು ಕೊಟ್ಟೆ. ಚಿದಾನಂದಪ್ಪನವರು ಎರಡು ಸಲ ಓದಿದರು.
"ಕರೆಂಟ್ ಇಲ್ಲ ಅಂದಿ. ಅದರಾಗ ತಪ್ಪೇನೈತಿ? ಎಲ್ಲಾರೂ ಅಂತಾರ."
"ಎಲ್ಲಾರೂ ಏನಂತ ತಿಳ್ಕೋತಾರ ಅನ್ನೂದು ನನಗ ಗೊತ್ತಿತ್ರಿ. ಗೊತ್ತಿದ್ದೂ ಅಂದೆ."
"ನೌಕರಿ ಉಳಿಯಾಂಗಿಲ್ಲ ನೋಡು."
"ಹೂಂರಿ."

ನಿರ್ಲಕ್ಷ್ಯ ಎಂಬ ಪದದ ಮುಂದೆ ಈಗ ನನ್ನ ಹೆಸರಿದೆ. ನಾಳೆ ಬರಬೇಕೋ ಬೇಡವೋ ಹೇಳಲಿಲ್ಲ. ಹೆದರಿಕೆ ಆಗುತ್ತಿದೆ.

ಮನೆಗೆ ಬಂದು ಅಣ್ಣನಿಗೆ ಫೋನ್ ಮಾಡಿದೆ. ಬೈದರು. ಬೈದು ಬೈದು ಕೊನೆಗೆ, "ಉಂಡಿಯೇನವ್ವಾ?" ಅಂದರು. ಉಂಡಿರಲಿಲ್ಲ. ಉಂಡೆ ಅಂದುಬಿಟ್ಟೆ. ಅವರಿಗೆ ಹೇಳಿದ ಮಾತು ಸುಳ್ಳಾಗಬಾರದು ಎಂದು ತಟ್ಟೆಗೆ ಹಾಕಿಕೊಂಡು ಕೂತು ಉಂಡೆ.