ಧಾರೆಯ ಶಾಟ್

ಎಣ್ಮಕಜೆ
21-2-2016, ಭಾನುವಾರ

ತೃಪ್ತಿಗೆ ಸೋದರಮಾವ ವಾಸಪ್ಪನ ಆಶೀರ್ವಾದ. ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ, ಆದರೂ ಆಶೀರ್ವಾದ ಆಶೀರ್ವಾದವೇ.

ಫೋನ್ ಮಾಡಿದರೆ ನಾನು ಬೊಬ್ಬೆ ಹಾಕುತ್ತೇನೆ, ನೀನು ಕಟ್ ಮಾಡುತ್ತೀ. ಕಾಗದವನ್ನು ಹಾಗೆ ಕಟ್ ಮಾಡಲು ಆಗುವುದಿಲ್ಲ. ಅದಕ್ಕೇ ಬರೆದು, ಸಂಜೆಯ ಹಾಲಿನ ಜೀಪಿನ ಮಹಾಬಲನ ಕೈಯಲ್ಲಿ ಹೊಸಂಗಡಿಯ ನಿಮ್ಮ ಲಾಡ್ಜಿಗೆ ಕಳಿಸುತ್ತಿದ್ದೇನೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನ ಅಕ್ಷರ. ನಿಧಾನ ಓದು.

ನಿನ್ನೆ ಅಂಗಳದಲ್ಲಿ ಅಷ್ಟು ಜನರ ಎದುರು ನಾನು ಬೊಬ್ಬೆ ಹಾಕಿದ್ದು ಸರಿಯೇ. ನಾಟಕದ ಪೂವಪ್ಪ ಕೈಕೊಟ್ಟ, ಸಿನಿಮಾದಲ್ಲಿ ಹುಡುಗಿಯ ಸೋದರಮಾವನ ಪಾತ್ರಕ್ಕೆ ಜನ ಇಲ್ಲ ಎಂದು ನೀನು ಬಂದು ನಿಂತಾಗ ನಿನ್ನ ಮುಖ ನೋಡಿ ಒಪ್ಪಿದೆ. ಮುಂಡಾಸು ಕಟ್ಟಿದಿರಿ, ಕಟ್ಟಿಸಿಕೊಂಡೆ. ಮುಖಕ್ಕೆ ಎಂತದ್ದೋ ಬಳಿದಿರಿ, ಸಹಿಸಿಕೊಂಡೆ. ಆದರೆ ಗಿಂಡಿ ಕೈಗೆ ಕೊಟ್ಟು, ಆ ಹೀರೋ, ಹೀರೋಯಿನ್ ಕೈಗೆ ಧಾರೆ ಎರೆಯಿರಿ ಎಂದರೆ ಹೇಗೆ? ನಮ್ಮಲ್ಲಿ ಮಾವ ಧಾರೆ ಎರೆದರೆ ಮದುವೆ ಆಯಿತು. ಅದು ಆ್ಯಕ್ಟಿಂಗ್ ಅಲ್ಲ.

ಡೈರೆಕ್ಟರ್ ಗೌರೀಶಂಕರ ಕಿವಿಯ ಹತ್ತಿರ ಬಂದು, "ಮಾರಾಯ್ರೇ, ಹೀರೋಯಿನ್‌ಗೆ ಮದುವೆ ಆಗಿ ಮಗು ಉಂಟು. ನೀವು ನಾಲ್ಕು ಹನಿ ನೀರು ಬಿಟ್ಟರೆ ಎಂತ ಆಗ್ತದೆ?" ಎಂದ. "ಗಂಡ ಇರುವವಳಿಗೆ ಇನ್ನೊಂದು ಧಾರೆಯಾ? ಅದು ಮತ್ತೂ ಚಂದ!" ಎಂದೆ. ಲೈಟಿನವರೆಲ್ಲ ನಕ್ಕರು. ನಿನ್ನ ಅಮ್ಮ ಅಮ್ಮು ಜಗಲಿಯಿಂದಲೇ, "ಅಣ್ಣನಿಗೆ ಆ್ಯಕ್ಟಿಂಗ್ ಎಲ್ಲಿ ಬರ್ತದೆ? ಸಿಟ್ಟು ಮಾತ್ರ ಒಂದೇ ಟೇಕಿಗೆ ಓಕೆ" ಎಂದಳು.

ಅದಕ್ಕೇ ಯಾರಿಗೂ ಗೊತ್ತಾಗದ ಹಾಗೆ ನೀರನ್ನು ಬಾಳೆಯ ಬುಡಕ್ಕೆ ಚೆಲ್ಲಿ, ಬರಿ ಗಿಂಡಿಯನ್ನು ಬಗ್ಗಿಸಿದೆ. ಲತೀಶ ಕ್ಯಾಮೆರಾದ ಹಿಂದಿನಿಂದ, "ಮಾವ, ನೀರು ಬೀಳ್ಲಿಲ್ಲ. ಇನ್ನೊಮ್ಮೆ" ಎಂದ. ನನ್ನ ತಲೆ ಕೆಟ್ಟಿತು. ಗಿಂಡಿ ಬಿಸಾಡಿ, "ನಿನಗೆ ನಾನು ಮಾವ ಆದದ್ದು ಯಾವಾಗ?" ಎಂದು ಕೇಳಿದೆ. ನೀನು ಕೂಡಲೇ ಪ್ಯಾಕಪ್ ಎಂದೆ.

ಅವನು ನಿನ್ನ ಗಂಡ ಎಂದು ನನಗೂ ಗೊತ್ತುಂಟು. ಎರಡು ವರ್ಷದ ಹಿಂದೆ ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ ಹಾಕಿ ಹೊರಗೆ ಬಂದ ಮೇಲೆ ಫೋನ್ ಮಾಡಿದ್ದೆಯಲ್ಲ. ಜಾತಿ ಬೇರೆ, ಮಾವ ಬೇಡ ಎನ್ನುತ್ತಾರೆ ಎಂದು ನೀನೇ ತೀರ್ಮಾನ ಮಾಡಿದೆ. ಬೇಡ ಎನ್ನುತ್ತಿದ್ದೆನೋ ಇಲ್ಲವೋ, ಒಮ್ಮೆ ಕೇಳಿ ನೋಡಬಹುದಿತ್ತು. ಬೇಡ ಎಂದಿದ್ದರೆ ನೀನು ಊಟ ಬಿಟ್ಟು ಕೂತರೆ ಸಾಕಿತ್ತು, ಸಣ್ಣದಿರುವಾಗ ಸೈಕಲ್ ಬೇಕೆಂದು ಹಟ ಹಿಡಿದು ಕೂತ ಹಾಗೆ. ಹೋಗಲಿ. ಅದರ ಸುದ್ದಿ ನನಗೆ ಬೇಡ.

ಪ್ರೊಡ್ಯೂಸರ್ ಎಂದರೆ ಬಿಳಿ ಪ್ಯಾಂಟು ಹಾಕಿ, ಕುರ್ಚಿಯಲ್ಲಿ ಕೂತು ಬೈಯುವವನು ಎಂದು ಎಣಿಸಿದ್ದೆ. ಈ ವಾರ ನೋಡಿದೆ. ಜನರೇಟರ್ ಕೆಟ್ಟರೂ ನಿನ್ನನ್ನೇ ಕರೆಯುವುದು, ಹೀರೋನಿಗೆ ಮೀನಿನ ಸಾರು ಖಾರ ಆದರೂ ನಿನ್ನನ್ನೇ ಕರೆಯುವುದು. ಎಲ್ಲರೂ ಉಂಡ ಮೇಲೆ ನೀನು ದನದ ಹಟ್ಟಿಯ ಬದಿಯಲ್ಲಿ ನಿಂತುಕೊಂಡೇ ತಣ್ಣಗಾದ ಅನ್ನ ಉಣ್ಣುತ್ತಿದ್ದೆ. ಲತೀಶ ಎಲ್ಲೋ ತೆಗೆದಿಟ್ಟಿದ್ದ ಮೀನಿನ ತುಂಡನ್ನು ನಿನ್ನ ಬಟ್ಟಲಿಗೆ ಹಾಕಿ ಹೋದ. ಅದನ್ನೂ ನೋಡಿದೆ. ನೋಡಿದೆ ಎಂದು ಬರೆದೆ ಅಷ್ಟೆ, ಬೇರೆ ಅರ್ಥ ಮಾಡಬೇಡ.

ಇವತ್ತು ಬೆಳಿಗ್ಗೆ ಗೌರೀಶಂಕರ ಬಂದಿದ್ದ. ಹೀರೋ, ಹೀರೋಯಿನ್ ಊರಿಗೆ ಹೋದರಂತೆ. ಅವರ ಮುಖದ್ದೆಲ್ಲ ಮುಗಿದಿದೆಯಂತೆ. ಕೈ ಮತ್ತು ನೀರು ಹತ್ತಿರದಿಂದ ಕಾಣುವ ಒಂದು ಶಾಟ್ ಬಾಕಿ. ಹಿಡಿಯುವ ಕೈ ಯಾರದ್ದಾದರೂ ನಡೆಯುತ್ತದೆ, ಎರೆಯುವ ಕೈ ಮಾತ್ರ ನನ್ನದೇ ಬೇಕಂತೆ. ಗೇರುಬೀಜದ ಸೊನೆ ತಾಗಿ ಕಲೆ ಬಿದ್ದ ಈ ಕೈ ಮೊದಲಿನ ಶಾಟಿನಲ್ಲಿ ಬಂದಾಗಿದೆಯಂತೆ. ಇದಿಲ್ಲದಿದ್ದರೆ ಮದುವೆ ಇಲ್ಲ, ಮದುವೆ ಇಲ್ಲದಿದ್ದರೆ ಸಿನಿಮಾವೇ ಇಲ್ಲ, ತೃಪ್ತಿಯಕ್ಕ ಯಾರೊಟ್ಟಿಗೂ ಮಾತಾಡುತ್ತಿಲ್ಲ ಎಂದ. ನಾನು ಆಯ್ತು ಎನ್ನಲಿಲ್ಲ, ಆಗುವುದಿಲ್ಲ ಎಂದೂ ಎನ್ನಲಿಲ್ಲ. ಚಾ ಕೊಟ್ಟು ಕಳಿಸಿದೆ.

ನಿಮ್ಮ ಸಿನಿಮಾ ಮದುವೆಯ ಚಪ್ಪರ ಬಿಚ್ಚಲು ಬಂದವರನ್ನು ಮಾತ್ರ ಓಡಿಸಿದ್ದೇನೆ. ಒಳ್ಳೆಯ ತೆಂಗಿನ ಮಡಲು, ಇನ್ನು ನಾಲ್ಕು ದಿನ ನೆರಳಾಗಲಿ.

ಇಷ್ಟೇ ಬರೆಯಲು ಇದ್ದದ್ದು.

ನಿನ್ನ ಮಾವ, ಸಿನಿಮಾದವನಲ್ಲ, ನಿಜದವನು,
ವಾಸಪ್ಪ

ತಾ.ಕ.: ನಾಳೆ ಬೆಳಿಗ್ಗೆ ಬನ್ನಿ. ಹಿಡಿಯುವ ಕೈ ಯಾರದ್ದಾದರೂ ಆಗುವುದಾದರೆ ನಿನ್ನದೂ ಲತೀಶನದೂ ಆಗಲಿ. ಕ್ಯಾಮೆರಾ ಅವನ ಅಸಿಸ್ಟೆಂಟ್ ನೋಡಿಕೊಳ್ಳಲಿ. ಕೈ ಮಾತ್ರ ಕಾಣುವುದಲ್ವಾ ಎಂದು ಆ ಹರಿದ ಪ್ಯಾಂಟಿನಲ್ಲಿ ಬರಬೇಡ ಎಂದು ಅವನಿಗೆ ಹೇಳು. ನೀರು ಬೀಳುತ್ತದೆ. ಆದರೆ ನಾನು ಎರೆಯುವುದು ಒಂದೇ ಸಲ, ಇನ್ನೊಂದು ಟೇಕ್ ಕೇಳಬಾರದು.