ತೂಕದಂಗಡಿಯ ಕರಿ ಕೋಟು

ಮನೆಯಿಂದ
ನವೆಂಬರ್ ೧೨, ಮಂಗಳವಾರ ಮಧ್ಯಾಹ್ನ

ಮುದ್ದಿನ ಮಗಳೇ,

ಅಮ್ಮನ ತುಂಬು ಆಶೀರ್ವಾದ. ಹೇಗಿದ್ದೀಯಾ? ನಿಂತು ನಿಂತು ಬರುತ್ತಿದ್ದ ಆ ಕಾಲುನೋವು ಈಗ ಕಡಿಮೆಯಾಗಿದೆಯಾ? ಆಸ್ಪತ್ರೆಗೆ ಬಂದವರ ಜ್ವರವನ್ನೆಲ್ಲ ನೋಡುವ ನರ್ಸಮ್ಮ ತನಗೆ ಜ್ವರ ಬಂದರೆ ಮಾತ್ರ ಯಾರಿಗೂ ಹೇಳುವುದಿಲ್ಲ ಎಂದು ನನಗೆ ಗೊತ್ತು. ಹೊತ್ತಿಗೆ ಸರಿಯಾಗಿ ಊಟ ಮಾಡು. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಗೊಣಗುತ್ತದೆ, ಗೊಣಗಲಿ ಬಿಡು. ನಿನ್ನ ಮಗಳು ಗುಬ್ಬಿ ಚೆನ್ನಾಗಿದ್ದಾಳೆ. ಅವಳ ವಿಷಯ ಬರೆಯಲು ಕೂತರೆ ನನಗೆ ಕಾಗದ ಸಾಲುವುದಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನಾನು ಹೆತ್ತವಳನ್ನೇ ಹೆತ್ತವಳು, ನನಗೆ ಎರಡು ಪಾಲು ಮುದ್ದು.

ಶಾಲೆಯ ವಾರ್ಷಿಕೋತ್ಸವದ ನಿರೂಪಣೆಗೆ ಅವಳನ್ನೇ ಆರಿಸಿದ್ದಾರೆ ಎಂದು ಬರೆದಿದ್ದೆನಲ್ಲ. ಯಾರಾದರೂ ಮನೆಗೆ ಬಂದರೆ ನಿನ್ನ ಬೆನ್ನ ಹಿಂದೆ ಅವಿತುಕೊಳ್ಳುತ್ತಿದ್ದ ಹುಡುಗಿ ಈಗ ಅಡುಗೆಮನೆಯಲ್ಲಿ ಸೌಟು ಹಿಡಿದು 'ಮಾನ್ಯರೇ' ಎಂದು ಶುರು ಮಾಡಿದರೆ, ಕುಕ್ಕರ್ ಕೂಡ ಕೂಗುವ ಮೊದಲು ಒಂದು ಸಲ ಯೋಚಿಸುತ್ತದೆ. ನಿರೂಪಣೆ ಮಾಡುವವರು ಕರಿ ಕೋಟು ಹಾಕಬೇಕು ಎಂದು ಟೀಚರ್ ಹೇಳಿದ್ದನ್ನೂ ಬರೆದೆ. ಅದಕ್ಕೆ ನಿನ್ನಿಂದ ಬಂದ ಉತ್ತರವನ್ನು ಎರಡೆರಡು ಸಲ ಓದಿದೆ. ರಜೆ ರದ್ದು ಮಾಡಿ, ಆ ದಿನಗಳಲ್ಲೂ ಪಾಳಿ ಮಾಡಿ, ಹೊಸ ಕೋಟಿಗೆ ಹಣ ಕಳಿಸುತ್ತೀಯಂತೆ. 'ನನ್ನ ಮಗಳು ಯಾರೋ ಬಿಟ್ಟ ಬಟ್ಟೆ ಹಾಕ್ಕೊಂಡು ವೇದಿಕೆ ಹತ್ತಬಾರದಮ್ಮ' ಎಂದು ಬರೆದಿದ್ದೀಯ. ಅಂದರೆ ಮಗು ವೇದಿಕೆ ಹತ್ತುವ ದಿನ ಕೋಟು ಬರುತ್ತದೆ, ತಾಯಿ ಬರುವುದಿಲ್ಲ. ಇದು ಯಾವ ಸೀಮೆಯ ನ್ಯಾಯ? ಬೇರೆಯವರ ಬಟ್ಟೆ ಮುಟ್ಟಬಾರದು ಎಂಬ ಕಾನೂನನ್ನು ಈ ಮನೆಗೆ ತಂದವಳು ನಾನೇ. ತಂದವಳಿಗೆ ತೆಗೆಯುವ ಅಧಿಕಾರವೂ ಇರುತ್ತದೆ. ತೆಗೆದುಹಾಕಿದೆ. ಶನಿವಾರ ಗುಬ್ಬಿಯ ಕೈ ಹಿಡಿದುಕೊಂಡು ತೂಕದಂಗಡಿಗೆ ಹೋದೆ.

ಆ ಅಂಗಡಿ ನೀನು ನೋಡಿಲ್ಲ. ಹಿಂದೆ ಗೋದಾಮಾಗಿದ್ದ ಜಾಗ. ಹಳೆ ಬಟ್ಟೆ ಮಾರುವ ಬೇರೆ ಅಂಗಡಿಗಳಲ್ಲಿ ಯಾರೂ ಕೊಳ್ಳದೆ ಉಳಿದದ್ದೆಲ್ಲ ಕೊನೆಗೆ ಅಲ್ಲಿಗೆ ಬರುತ್ತದೆ. ಬೆಲೆಯ ಚೀಟಿ ಇಲ್ಲ, ಮಡಚಿಡುವವರಿಲ್ಲ. ಮಂಚದಷ್ಟು ಉದ್ದದ, ಗಾಲಿ ಇರುವ ತೊಟ್ಟಿಗಳಲ್ಲಿ ಸುರಿದಿರುತ್ತಾರೆ. ಬೇಕಾದ್ದನ್ನು ಹೆಕ್ಕಿ ತಕ್ಕಡಿಗೆ ಹಾಕಿದರೆ ಕಿಲೋ ಲೆಕ್ಕ. ರೇಷ್ಮೆಯೂ ಒಂದೇ, ಒರೆಸುವ ಬಟ್ಟೆಯೂ ಒಂದೇ. ಹೊಸ ತೊಟ್ಟಿ ಬರುವಾಗ ಎಲ್ಲರೂ ಹಳದಿ ಗೆರೆಯ ಹಿಂದೆ ಕೈಕಟ್ಟಿ ನಿಲ್ಲಬೇಕು, ಸೀಟಿ ಊದುವವರೆಗೆ ಯಾರೂ ಮುಟ್ಟುವಂತಿಲ್ಲ. ಸೀಟಿ ಊದಿದರೆ ಎಂಥ ಮರ್ಯಾದಸ್ಥರ ಮೊಣಕೈಗೂ ಜೀವ ಬರುತ್ತದೆ. ಮೊದಲನೇ ಸೀಟಿಗೆ ನಾನು ಸ್ವಲ್ಪ ದಾರಿ ಬಿಡಿ ಎಂದು ಕೇಳುವಷ್ಟರಲ್ಲಿ ತೊಟ್ಟಿಯಲ್ಲಿ ಒಂಟಿ ಕಾಲುಚೀಲಗಳು ಮಾತ್ರ ಉಳಿದಿದ್ದವು. ಎರಡನೇ ಸಲಕ್ಕೆ ಕಲಿತೆ. ಸೆಕೆಯಾಯಿತೆಂದು ಸ್ವೆಟರ್ ಬಿಚ್ಚಿ ತೊಟ್ಟಿಯ ಅಂಚಿಗೆ ಹಾಕಿ, ತೋಳೇರಿಸಿ ನುಗ್ಗಿದೆ. ನೀನು ಕೆಲಸಕ್ಕೆ ಹೊರಡುವ ಮುಂಚೆ ಹೆಣೆದುಕೊಟ್ಟೆಯಲ್ಲ, ಅದೇ ನೀಲಿ ಸ್ವೆಟರ್. ಹಳೆ ಬಟ್ಟೆಯ ತೊಟ್ಟಿಗೆ ತನ್ನ ಮೈಮೇಲಿನದನ್ನೇ ನೇತುಹಾಕುವ ಬುದ್ಧಿವಂತೆ ಊರಿಗೆಲ್ಲ ನಾನೊಬ್ಬಳೇ ಇರಬೇಕು.

ಕರಿ ಕೋಟನ್ನು ಮೊದಲು ಕಂಡವಳು ಗುಬ್ಬಿ. ಆದರೆ ಅದು ಆಗಲೇ ಇನ್ನೊಬ್ಬರ ತಳ್ಳುಗಾಡಿಯಲ್ಲಿತ್ತು. ಬಸ್ ಓಡಿಸುವ ಹೆಂಗಸು, ಸಮವಸ್ತ್ರದಲ್ಲೇ ಬಂದಿದ್ದಳು. ಆಕೆಯ ಗಾಡಿಯಲ್ಲಿ ಗುಬ್ಬಿಯ ಅಳತೆಯದೇ ಕೋಟು, ಆಕೆಯ ಕೈಯಲ್ಲಿ ನನ್ನ ಸ್ವೆಟರ್. ಅಂಚಿನ ಮೇಲಿದ್ದದ್ದೂ ಮಾರಾಟಕ್ಕೇ ಎಂದುಕೊಂಡು ಎತ್ತಿಕೊಂಡಿದ್ದಾಳೆ, ಪಾಪ. ನಾನು ಜಗಳಕ್ಕೆ ಸೊಂಟ ಕಟ್ಟಿಕೊಂಡೇ ಹೋದೆ. ಆಕೆಯೋ ಸ್ವೆಟರಿನ ಒಳಮಗ್ಗುಲು ತಿರುಗಿಸಿ ಪಕ್ಕದವಳಿಗೆ ತೋರಿಸುತ್ತಿದ್ದಳು. 'ಒಂದು ಗಂಟಾದ್ರೂ ಕಾಣುತ್ತಾ ನೋಡಿ. ಹೆಣೆದವರ ಕೈಗೆ ಬಂಗಾರದ ಬಳೆ ತೊಡಿಸ್ಬೇಕು' ಎಂದಳು. ನನ್ನ ಜಗಳ ಗಂಟಲಲ್ಲೇ ಕರಗಿತು. 'ಹೆಣೆದಿದ್ದು ನನ್ನ ಮಗಳು' ಎಂದೆ. ಅಷ್ಟು ಜೋರಾಗಿ ಹೇಳಬೇಕಿರಲಿಲ್ಲ; ಆಚೆ ತುದಿಯಲ್ಲಿದ್ದ ತಕ್ಕಡಿಯವನೂ ತಿರುಗಿ ನೋಡಿದ.

ಆಕೆ ನಾಚಿಕೊಂಡು ಸ್ವೆಟರ್ ವಾಪಸು ಕೊಡಲು ಬಂದಳು. ಬೆಳಗಿನ ಮೊದಲ ಬಸ್ಸು ತನ್ನದೇ, ಚಳಿಗೆ ಬೆನ್ನು ಸೆಟೆದುಕೊಳ್ಳುತ್ತದೆ, ಅದಕ್ಕೇ ಆಸೆಯಾಯಿತು ಎಂದಳು. ಕೋಟು ಯಾರಿಗೆ ಎಂದು ಕೇಳಿದೆ. ಯಾರಿಗೂ ಅಲ್ಲವಂತೆ. ಬಟ್ಟೆ ಗಟ್ಟಿಯಾಗಿದೆ, ಕತ್ತರಿಸಿ ಡ್ರೈವರ್ ಸೀಟಿಗೆ ದಿಂಬು ಹೊಲಿಯುತ್ತಾಳಂತೆ. ಸ್ವೆಟರ್ ನಿಮಗೆ, ಕೋಟು ನಮಗೆ, ಆಗಬಹುದೇ ಎಂದೆ. ಮಗುವಿಗೆ ಕರಿ ಕೋಟು ಯಾಕೆ ಎಂದು ಆಕೆ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ನಿನ್ನ ಮಗಳು ಒಂದು ಹೆಜ್ಜೆ ಮುಂದೆ ಬಂದು, ಅಷ್ಟು ಜನರ ನಡುವೆ, ಸ್ವಾಗತ ಭಾಷಣವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿಬಿಟ್ಟಳು. ನನ್ನ ಬೆರಳು ಮಾತ್ರ ಬಿಡಲಿಲ್ಲ. ಒಂದು ಕಡೆಯೂ ತಡವರಿಸಲಿಲ್ಲ. ಸೀಟಿಯವನು ಸೀಟಿ ಬಾಯಲ್ಲಿಟ್ಟುಕೊಂಡು ಊದುವುದನ್ನೇ ಮರೆತ. ಬಸ್ಸಿನಾಕೆ ಕೋಟನ್ನು ತಾನೇ ಗುಬ್ಬಿಗೆ ತೊಡಿಸಿ ಗುಂಡಿ ಹಾಕಿದಳು. ನನ್ನ ಕಣ್ಣು ತುಂಬಿತು; ಧೂಳು ಎಂದು ಎಲ್ಲರಿಗೂ ಹೇಳಿದೆ.

ತಕ್ಕಡಿಯ ಹತ್ತಿರ ಇನ್ನೊಂದು ನಾಟಕ. ಸ್ವೆಟರ್ ನನ್ನ ಮೈಮೇಲೆ ಬಂದದ್ದು ಎಂದು ಎಷ್ಟು ಹೇಳಿದರೂ ಅವನು ಕೇಳಲಿಲ್ಲ. ಗಾಡಿಯಿಂದ ಇಳಿದದ್ದಕ್ಕೆಲ್ಲ ತೂಕವಂತೆ. ನಿನ್ನ ಕೈಕೆಲಸಕ್ಕೂ ಆ ಒಂಟಿ ಕಾಲುಚೀಲಗಳಿಗೂ ಒಂದೇ ದರ ಎಂದರೆ ಯಾರಿಗೆ ಸಿಟ್ಟು ಬರುವುದಿಲ್ಲ ಹೇಳು. ನಾನು ವಾದಕ್ಕೆ ನಿಂತೆ, ಬಸ್ಸಿನಾಕೆ ನಗುತ್ತಾ ಅದನ್ನೂ ತೂಗಿಸಿಕೊಂಡಳು. ಕೋಟನ್ನು ಮನೆಗೆ ತಂದು ಒಗೆದು, ಇಸ್ತ್ರಿ ಮಾಡಿ, ತೋಳನ್ನು ಒಂದು ಬೆರಳು ಒಳಗೆ ಮಡಚಿ ಹೊಲಿದಿದ್ದೇನೆ. ಯಾರೋ ಬಿಟ್ಟ ಬಟ್ಟೆ ಎಂದು ನೀನಿನ್ನು ಹೇಳುವಂತಿಲ್ಲ. ಅದು ನೀನು ಸಂಪಾದಿಸಿದ ಕೋಟು, ನಿನ್ನ ಹೆಣಿಗೆಯ ಒಂದೊಂದು ಎಳೆಯೂ ಅದಕ್ಕೆ ಸಂದಿದೆ. ನಿನ್ನನ್ನು ನೆನೆದರೂ ಹೆಮ್ಮೆ, ಅವಳನ್ನು ನೋಡಿದರೂ ಹೆಮ್ಮೆ. ಇಷ್ಟು ಹೆಮ್ಮೆ ಹೊತ್ತುಕೊಂಡು ಈ ಮಂಡಿ ಹೇಗೆ ನಡೆಯುತ್ತದೋ ನನಗೇ ಆಶ್ಚರ್ಯ.

ಪಾಳಿ ಮುಗಿದ ಮೇಲೆ ಬಿಸಿನೀರಿನಲ್ಲಿ ಕಾಲಿಟ್ಟುಕೊಳ್ಳುವುದನ್ನು ಮರೆಯಬೇಡ. ನಿನ್ನ ಕೋಣೆಯಲ್ಲಿರುವ ಹುಡುಗಿಗೂ ನನ್ನ ಆಶೀರ್ವಾದ ಹೇಳು. ನೀನು ಮುಟ್ಟಿದವರೆಲ್ಲ ಬೇಗ ಎದ್ದು ಮನೆಗೆ ಹೋಗಲಿ, ನೀನೂ ಸುಖವಾಗಿರು.

ಇತಿ,
ನಿನ್ನ ಅಮ್ಮ

ವಿ.ಸೂ.: ಪೋಸ್ಟಿಗೆ ಹೊರಟವಳು ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ. ರಜೆ ರದ್ದು ಮಾಡಬೇಡ. ಮಾಡಿದ್ದರೆ ಮೇಲಿನವರ ಕಾಲು ಹಿಡಿದಾದರೂ ವಾಪಸು ತಗೋ. ಬೆಳಿಗ್ಗೆ ಗುಬ್ಬಿ ಶಾಲೆಗೆ ಹೊರಟವಳು ಬಾಗಿಲಲ್ಲಿ ನಿಂತು ಕೇಳಿದಳು: 'ಅಜ್ಜಿ, ಅಲ್ಲಿ ತುಂಬಾ ಜನ ಇರ್ತಾರೆ. ಭಯ ಆದ್ರೆ ಅಮ್ಮನ್ನ ನೋಡ್ತೀನಿ. ಅಮ್ಮ ಎಲ್ಲಿ ಕೂತಿರ್ತಾಳೆ?' ಮೂರನೇ ಸಾಲಿನಲ್ಲಿ, ಬಾಗಿಲ ಪಕ್ಕದ ಕುರ್ಚಿ ಎಂದು ಹೇಳಿ ಕಳಿಸಿದ್ದೇನೆ.